ಶಾಲು ಆಮೇಲೆ, ಮೊದಲು ಮೇಜು ಹಾಕಿ: ಕ್ಷೇತ್ರದಲ್ಲಿ ಮಾಜಿ ಸೈನಿಕರ ಅಹವಾಲು ದಿನ ನಡೆಸುವುದು ಹೇಗೆ

ನಮ್ಮ ಮನೆ ಬೀರುವಿನಲ್ಲಿ ಏಳು ಶಾಲುಗಳಿವೆ. ಎಲ್ಲಾ ಒಂದೇ ಥರ, ಜರಿ ಅಂಚು, ಚಳಿಗೆ ಹೊದ್ದರೆ ಕುತ್ತಿಗೆಗೆ ಚುಚ್ಚುತ್ತವೆ. ಹವಾಲ್ದಾರ್ ಕ್ಲರ್ಕ್ ಆಗಿ ನಿವೃತ್ತಿ ತಗೊಂಡು ಊರಿಗೆ ಬಂದ ಮೇಲೆ ಬೇರೆ ಬೇರೆ ಪಕ್ಷದ ಶಾಸಕರು ಬೇರೆ ಬೇರೆ ವೇದಿಕೆಯಲ್ಲಿ ಹೊದಿಸಿದವು. ಕೊನೆಯ ಶಾಲು ಬಂದ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಗಂಡ ಸೈನ್ಯದಲ್ಲಿದ್ದವರು, ತೀರಿಕೊಂಡು ವರ್ಷಗಳಾಗಿವೆ. ಅಜ್ಜಿಯ ಮಡಿಲಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್, ಅದರ ತುಂಬಾ ಕಾಗದ. ಶಾಸಕರ ಕೈಗೇ ಕೊಡಬೇಕು ಅಂತ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದರು. ಹೆಸರು ಕೂಗಿದರು, ಅಜ್ಜಿ ಹೋದರು, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಕವರ್. ಫೋಟೋದವನು ಕವರ್ ಕೆಳಗಿಡಿ ಅಂದ. ಅವರು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮುಂದಿನ ಹೆಸರು ಕೂಗಿ ಆಗಿತ್ತು, ಅರ್ಧ ಗಂಟೆಯಲ್ಲಿ ಶಾಸಕರು ಇನ್ನೊಂದು ಊರಿನ ಮದುವೆಗೆ ಹೊರಟೂ ಆಗಿತ್ತು.

ಶಾಸಕರದ್ದು ತಪ್ಪು ಅನ್ನುತ್ತಿಲ್ಲ. ಕಾರ್ಯಕ್ರಮ ಜೋಡಿಸಿದ್ದೇ ಹಾಗೆ. ಆಮೇಲೆ ನಾವು ಮಾಜಿ ಸೈನಿಕರ ಸಂಘದವರು ಮತ್ತು ಶಾಸಕರ ಕಚೇರಿಯ ಇಬ್ಬರು ಹುಡುಗರು ಸೇರಿ ಬೇರೆ ಥರ ಮಾಡಿ ನೋಡಿದೆವು. ಮೊದಲ ಸಲ ಅರ್ಧ ಕೆಟ್ಟಿತು, ಎರಡನೇ ಸಲ ಸರಿ ಬಂತು. ಶಾಸಕರ ಆಪ್ತ ಸಹಾಯಕರು, ತಾಲೂಕು ಸಂಘದ ಕಾರ್ಯದರ್ಶಿಗಳು, ಇಂಥ ಕೆಲಸಕ್ಕೆ ಕೈ ಹಾಕಿದ ಯಾರಿಗಾದರೂ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ದಿನ ಯಾವುದು

ಜುಲೈ 26 ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 7 ಧ್ವಜ ದಿನ, ಜನವರಿ 14 ಮಾಜಿ ಸೈನಿಕರ ದಿನ. ಈ ಮೂರೂ ಬೇಡ. ಆ ದಿನಗಳಲ್ಲಿ ಸೈನಿಕ ಕಲ್ಯಾಣ ಇಲಾಖೆಯವರು ಜಿಲ್ಲಾ ಕೇಂದ್ರದ ಕಾರ್ಯಕ್ರಮದಲ್ಲಿ ಇರುತ್ತಾರೆ, ನಿಮ್ಮ ತಾಲೂಕಿಗೆ ಯಾರೂ ಸಿಗುವುದಿಲ್ಲ. ಜನವರಿ 14ರ ಕಥೆ ಇನ್ನೂ ಚೆನ್ನಾಗಿದೆ. ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದ ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತಿಯಾದ ದಿನ ಅದು, ಅದಕ್ಕೇ ಆರಿಸಿದ್ದಾರೆ, ಸರಿ. ಆದರೆ ಸಂಕ್ರಾಂತಿಯೂ ಆಗಲೇ ಬರುತ್ತದಲ್ವಾ. ದನಕ್ಕೆ ಮೈ ತೊಳೆದು ಕಿಚ್ಚು ಹಾಯಿಸುವ ದಿನ ಯಾವ ಮಾಜಿ ಸೈನಿಕ ಅರ್ಜಿ ಹಿಡಿದು ತಾಲೂಕಿಗೆ ಬರುತ್ತಾನೆ?

ನನ್ನ ಕೇಳಿದರೆ ನವೆಂಬರ್ ಮೊದಲ ಎರಡು ವಾರ. ಹೆಚ್ಚಿನ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡುವುದು ಆ ತಿಂಗಳಲ್ಲೇ. ಹೇಗೂ ಹೆಬ್ಬೆಟ್ಟು ಒತ್ತಲು ಎಲ್ಲಿಗಾದರೂ ಹೋಗಲೇಬೇಕು, ಅದನ್ನೇ ಇಲ್ಲಿ ಮಾಡಿಸುತ್ತೇವೆ ಅಂದರೆ ಭಾಷಣಕ್ಕೆ ಬಾರದವರೂ ಬರುತ್ತಾರೆ. ವಾರದ ಸಂತೆ ದಿನ ಇಟ್ಟರೆ ಇನ್ನೂ ಒಳ್ಳೆಯದು, ಬಸ್ಸು ಜಾಸ್ತಿ ಇರುತ್ತವೆ.

ಪಟ್ಟಿ ಎಲ್ಲಿಂದ

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಾಯಿತರ ಪಟ್ಟಿ ಇರುತ್ತದೆ. ಎಲ್ಲ ಜಿಲ್ಲೆಗೂ ಒಂದೊಂದು ಕಚೇರಿ ಇಲ್ಲ, ಕೆಲವು ಕಡೆ ಪಕ್ಕದ ಜಿಲ್ಲೆಯದೇ ನಿಮ್ಮದೂ ಆಗಿರುತ್ತದೆ, ಮೊದಲು ಅದನ್ನು ಕೇಳಿಕೊಳ್ಳಿ. ಆದರೆ ಆ ಪಟ್ಟಿಯನ್ನೇ ನಂಬಿ ಕೂತರೆ ನಿಜವಾಗಿ ಕಷ್ಟದಲ್ಲಿರುವವರು ತಪ್ಪಿ ಹೋಗುತ್ತಾರೆ. ನೋಂದಣಿ ಮಾಡಿಸದವರು, ಗುರುತಿನ ಚೀಟಿ ಕಳೆದುಕೊಂಡವರು, ಮುಖ್ಯವಾಗಿ ವಿಧವೆಯರು. ಗಂಡನ ಹೆಸರಲ್ಲಿ ಪಟ್ಟಿ ಇರುತ್ತದೆ, ಗಂಡ ಹೋದ ಮೇಲೆ ಆ ಸಾಲು ಸುಮ್ನೆ ಸತ್ತ ಸಾಲಾಗಿ ಬಿದ್ದಿರುತ್ತದೆ.

ಅವರನ್ನು ಹುಡುಕಲು ಪೋಸ್ಟ್‌ಮ್ಯಾನ್ ಕೇಳಿ. ಹಾಲಿನ ಡೇರಿ ಕಾರ್ಯದರ್ಶಿ ಕೇಳಿ. ಮಿಲಿಟರಿ ಕ್ಯಾಂಟೀನ್ ಸಾಲಿನಲ್ಲಿ ನಿಂತು ಅರ್ಧ ದಿನ ಮಾತಾಡಿ. ಆಶಾ ಕಾರ್ಯಕರ್ತೆಯರಿಗೆ ಊರಿನ ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಯಾವ ಕಚೇರಿಗಿಂತ ಚೆನ್ನಾಗಿ ಗೊತ್ತು. ಮತ್ತೆ ದಯವಿಟ್ಟು ಒಂದು ವಿಷಯ: ಫೋನ್ ನಂಬರ್, ಪಿಪಿಓ (ಪಿಂಚಣಿ ಪಾವತಿ ಆದೇಶ) ನಂಬರ್, ಆಧಾರ್ ಎಲ್ಲಾ ಸೇರಿಸಿದ ಎಕ್ಸೆಲ್ ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಪಿಂಚಣಿ ಕಚೇರಿಯಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ ಅಂತ ಕರೆ ಮಾಡುವವರಿಗೆ ಅದಕ್ಕಿಂತ ಒಳ್ಳೆ ಉಡುಗೊರೆ ಇನ್ನಿಲ್ಲ.

ಯಾರನ್ನು ಕರೆಸಬೇಕು, ಹೇಗೆ

ಶಾಸಕರ ಕೈಯಲ್ಲಿ ನಿಜವಾಗಿ ಇರುವ ಶಕ್ತಿ ಇದೇ. ಐದು ಕಚೇರಿಯವರನ್ನು ಒಂದೇ ಕೋಣೆಯಲ್ಲಿ, ಒಂದೇ ದಿನ ಕೂರಿಸುವುದು. ನಮ್ಮಂಥವರು ಪತ್ರ ಬರೆದರೆ ಯಾರೂ ಬರುವುದಿಲ್ಲ.

ಮೂರು ವಾರ ಮುಂಚೆ ಜಿಲ್ಲಾಧಿಕಾರಿಗಳಿಗೆ ಶಾಸಕರ ಪತ್ರ ಹೋಗಲಿ. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು ಅನ್ನುವುದು ಎಷ್ಟೋ ಪಿಎಗಳಿಗೆ ಗೊತ್ತೇ ಇಲ್ಲ. ಅಲ್ಲಿಂದ ಸೂಚನೆ ಬಂದರೆ ತಹಶೀಲ್ದಾರ್, ಸೈನಿಕ ಕಲ್ಯಾಣ ಕಚೇರಿ, ಬ್ಯಾಂಕಿನವರು ಎಲ್ಲರೂ ಬರುತ್ತಾರೆ. ತಹಶೀಲ್ದಾರ್ ಬಂದು ನಮಸ್ಕಾರ ಹೇಳಿ ಹೋದರೆ ಸಾಲದು, ಭೂಮಿ ಶಾಖೆಯ ಕೇಸ್ ವರ್ಕರ್ ಕಡತಗಳ ಸಮೇತ ಬರಬೇಕು. ಪತ್ರದಲ್ಲಿ ಇದನ್ನು ಬಿಡಿಸಿ ಬರೆಯಿರಿ. ಮೊದಲ ಸಲ ನಾವು ಬರೆದಿರಲಿಲ್ಲ. ಸಾಹೇಬರು ಬಂದರು, ಯಾವ ಅರ್ಜಿ ಕೇಳಿದರೂ "ಕಡತ ನೋಡಿ ಹೇಳಬೇಕು" ಅಂದರು, ಮುಗಿಯಿತು.

ಇವರ ಜೊತೆಗೆ ನಾಡಕಚೇರಿಯಿಂದ ಒಬ್ಬರು, ವಂಶವೃಕ್ಷದ ಕೆಲಸಕ್ಕೆ ಗ್ರಾಮ ಆಡಳಿತ ಅಧಿಕಾರಿಗಳು, ಹೆಬ್ಬೆಟ್ಟಿನ ಯಂತ್ರ ಇರುವ ಸಾಮಾನ್ಯ ಸೇವಾ ಕೇಂದ್ರದ, ಅಂದರೆ ಸಿಎಸ್‌ಸಿ ಹುಡುಗ, ಸಾಧ್ಯವಾದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಹತ್ತಿರದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ ಒಬ್ಬರು. ಸಿಎಸ್‌ಸಿ ಹುಡುಗನಿಗೆ ಮೊದಲೇ ಒಂದು ಮಾತು ಹೇಳಿಕೊಡಿ. ಸ್ಪರ್ಶ್‌ಗೆ (ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ) ಸೇರಿದವರ ಜೀವಂತ ಪ್ರಮಾಣಪತ್ರ ಮಾಡುವಾಗ ಪಿಂಚಣಿ ಕೊಡುವವರು ಅನ್ನುವ ಕಡೆ ಬ್ಯಾಂಕಿನ ಹೆಸರು ಆರಿಸಬಾರದು. ಸ್ಪರ್ಶ್, ಪಿಸಿಡಿಎ ಪೆನ್ಷನ್ಸ್ ಅಂತ ಇರುವುದನ್ನೇ ಆರಿಸಬೇಕು. ಬ್ಯಾಂಕ್ ಆರಿಸಿದರೆ ಪ್ರಮಾಣಪತ್ರ ಆಯ್ತು ಅಂತ ಮೆಸೇಜ್ ಬರುತ್ತದೆ, ಆದರೆ ಅದು ಸೇರಬೇಕಾದ ಜಾಗಕ್ಕೆ ಸೇರಿರುವುದಿಲ್ಲ, ಕೆಲವು ತಿಂಗಳಾದ ಮೇಲೆ ಪಿಂಚಣಿ ನಿಂತಾಗ ಅಜ್ಜ ಬ್ಯಾಂಕಿಗೆ ಹೋಗಿ ಜಗಳ ಆಡುತ್ತಾರೆ, ಬ್ಯಾಂಕಿನವರಿಗೂ ಏನೂ ಗೊತ್ತಿರುವುದಿಲ್ಲ.

ಅರ್ಜಿಗಳನ್ನು ಬೇರೆ ಮಾಡುವುದು

ಬಂದ ಕೂಡಲೇ ಬಾಗಿಲ ಬಳಿ ಒಬ್ಬ ಹಳೇ ಕ್ಲರ್ಕ್ ಕೂರಲಿ. ನಮ್ಮ ಕಡೆ ಆ ಕೆಲಸ ನನ್ನದು. ಒಂದೇ ಪ್ರಶ್ನೆ: ಇದು ದೆಹಲಿ ಕೆಲಸವೋ, ಬೆಂಗಳೂರು ಕೆಲಸವೋ, ತಾಲೂಕಿನ ಕೆಲಸವೋ.

ಪಿಂಚಣಿ, ಒಂದು ಶ್ರೇಣಿ ಒಂದು ಪಿಂಚಣಿ, ಇಸಿಎಚ್‌ಎಸ್ ಬಿಲ್ಲು, ಅಂಗವೈಕಲ್ಯದ ಪಿಂಚಣಿ, ಇವೆಲ್ಲ ಕೇಂದ್ರದ್ದು. ಶಾಸಕರು ಇದಕ್ಕೆ ಎಷ್ಟು ಪತ್ರ ಕೊಟ್ಟರೂ ಅದು ಕೈಯಿಂದ ಕೈಗೆ ದಾಟುತ್ತದೆ ಅಷ್ಟೇ. "ನೋಡೋಣ, ಮಾತಾಡ್ತೀನಿ" ಅಂತ ಶಾಸಕರು ಹೇಳಿಬಿಟ್ಟರೆ ಆ ಮನುಷ್ಯ ಆರು ತಿಂಗಳು ಮನೆಯಲ್ಲಿ ಕಾಯುತ್ತಾರೆ. ಅದಕ್ಕಿಂತ ಅಲ್ಲೇ ಸ್ಪರ್ಶ್‌ನಲ್ಲಿ ದೂರು ದಾಖಲಿಸಿ ನಂಬರ್ ಬರೆದು ಕೊಡಿ, ಜೊತೆಗೆ ಸಂಸದರಿಗೆ ಒಂದು ಪ್ರತಿ. ಸೈನಿಕರ ಸೇವಾ ಕಡತ ಇಟ್ಟಿರುವ ದಾಖಲೆ ಕಚೇರಿಗೆ ಹೋಗಬೇಕಾದದ್ದನ್ನು ಸರಿಯಾದ ಕಚೇರಿಗೆ ಕಳಿಸಿ: ಮದ್ರಾಸ್ ಸ್ಯಾಪರ್ಸ್‌ನವರದ್ದು ಬೆಂಗಳೂರಿನಲ್ಲೇ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಯಂತ್ರ ದುರಸ್ತಿಯ ದಳ ಇಎಂಇಯದು ಸಿಕಂದರಾಬಾದಿನಲ್ಲಿ, ವಾಯುಪಡೆಯದು ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿ. ಎಲ್ಲವನ್ನೂ ರಕ್ಷಣಾ ಸಚಿವರು, ನವದೆಹಲಿ ಅಂತ ಬರೆದು ಕಳಿಸುವ ಚಟ ಬಿಡಿ.

ಜಮೀನು ಮಾತ್ರ ಪೂರ್ತಿ ರಾಜ್ಯದ್ದು, ಇಲ್ಲಿ ಶಾಸಕರ ಕೆಲಸ ನಿಜವಾಗಿ ಇದೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಹಂಚುವ ಜಮೀನಿನ ಶೇ 10ರಷ್ಟು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. ಕಾಗದದ ಮೇಲೆ ಬಹಳ ಚೆಂದ. ಅರ್ಜಿ ಹಾಕಿದವರಿಗೆ ಬರುವುದು ಮಾತ್ರ "ಜಮೀನು ಲಭ್ಯವಿಲ್ಲ" ಅನ್ನುವ ಹಿಂಬರಹ. ಮಂಜೂರಾಗಿ ಸಾಗುವಳಿ ಚೀಟಿ ಸಿಕ್ಕಿದರೂ ಪೋಡಿ (ಅಳತೆ ಮಾಡಿ ಜಮೀನು ಬೇರೆ ಮಾಡುವುದು) ಆಗಿರುವುದಿಲ್ಲ, ಪೋಡಿ ಮಾಡಲು ಹೋದರೆ ಅದು ಅರಣ್ಯ ಅಂತ ಇನ್ನೊಂದು ಇಲಾಖೆ ಹೇಳುತ್ತದೆ. ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡಿ. ಬಗರ್ ಹುಕುಂ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ಹಾಗಾಗಿ ಮಾಜಿ ಸೈನಿಕರ ಕೋಟಾದ ಜಮೀನನ್ನೂ ಅವರೇ ಕೊಡುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ. ಮೊದಲೇ ಸರ್ಕಾರಿ ಜಾಗದಲ್ಲಿ ಉಳುತ್ತಿದ್ದು ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿದ್ದರೆ ಅದು ಸಮಿತಿಯ ಮುಂದೆ ಬರುತ್ತದೆ. ಮಾಜಿ ಸೈನಿಕ ಅಂತ ಹೊಸದಾಗಿ ಕೇಳುವ ಜಮೀನು ಕಂದಾಯ ಇಲಾಖೆಯ ದಾರಿಯಲ್ಲಿ, ತಹಶೀಲ್ದಾರ್ ವರದಿ ಮೇಲೆ ಹೋಗುತ್ತದೆ. ಎರಡು ಬೇರೆ ಕಡತ, ಎರಡು ಬೇರೆ ಮೇಜು.

ಇನ್ನು ಶಾಸಕರ ಅನುದಾನ. ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಸೈನಿಕ ಭವನಕ್ಕೋ ರಸ್ತೆಗೋ ಕೊಡಬಹುದು, ಯಾರದೋ ಆಸ್ಪತ್ರೆ ಬಿಲ್ಲಿಗೆ ಆಗುವುದಿಲ್ಲ. ಭವನ ಕಟ್ಟಿ ಬೀಗ ಹಾಕಿ ಇಡುವುದರಲ್ಲಿ ನನಗೆ ಅಷ್ಟೇನೂ ಉತ್ಸಾಹ ಇಲ್ಲ, ಆದರೆ ನಮ್ಮ ಸಂಘದ ಅರ್ಧ ಜನ ಈ ಮಾತಿಗೆ ನನ್ನ ಮೇಲೆ ಬೀಳುತ್ತಾರೆ.

ಪಿಂಚಣಿಯೇ ಇಲ್ಲದವರು

ಇವರಿಗೆ ಪ್ರತ್ಯೇಕ ಮೇಜು ಹಾಕಿ. ಸೈನ್ಯದಲ್ಲಿದ್ದವರಿಗೆಲ್ಲ ಪಿಂಚಣಿ ಬರುತ್ತದೆ ಅಂತ ಊರಿನವರ ಎಣಿಕೆ. ಜವಾನರಿಗೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗದೆ ಸೇವಾ ಪಿಂಚಣಿ ಇಲ್ಲ. ಏಳೆಂಟು ವರ್ಷ ಇದ್ದು, ಮನೆ ಕಷ್ಟಕ್ಕೆ ಬಿಟ್ಟು ಬಂದವರು ಇದ್ದಾರೆ. 1971ರ ಯುದ್ಧ ನೋಡಿ ಬಂದು ಈಗ ಯಾರದೋ ತೋಟ ಕಾಯುವವರು ಇದ್ದಾರೆ. ಇವರು ಸಭೆಗೇ ಬರುವುದಿಲ್ಲ, ನಾನು ಯಾವ ಮಾಜಿ ಸೈನಿಕ ಬಿಡಿ ಅಂತಾರೆ. ಹೋಗಿ ಕರೆದುಕೊಂಡು ಬನ್ನಿ. ಸೈನ್ಯ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ನೋಡದೆ ಇಲ್ಲ ಅಂತ ಯಾರಿಗೂ ಹೇಳಬೇಡಿ.

65 ದಾಟಿದ, ಪಿಂಚಣಿ ಇಲ್ಲದ, ಹವಾಲ್ದಾರ್ ದರ್ಜೆವರೆಗಿನ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳ ಸಹಾಯಧನ ಇದೆ. ಮೊದಲು 4,000 ಇತ್ತು, 2025ರ ನವೆಂಬರ್ 1ರಿಂದ 8,000 ರೂಪಾಯಿ. ಅದೇ ದಿನದಿಂದ ಮಕ್ಕಳ ಓದಿನ ಸಹಾಯ ಒಬ್ಬರಿಗೆ ತಿಂಗಳಿಗೆ 2,000 ಆಗಿದೆ, ಒಂದನೇ ತರಗತಿಯಿಂದ ಪದವಿವರೆಗೆ, ಇಬ್ಬರು ಮಕ್ಕಳಿಗೆ. ಮಗಳ ಮದುವೆಗೆ 50,000 ಇದ್ದದ್ದು 1 ಲಕ್ಷ. ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಬೇಕು, ಅದು ಜಿಲ್ಲಾ ಸೈನಿಕ ಕಚೇರಿಯ ಶಿಫಾರಸಿನ ಮೂಲಕ ಮೇಲೆ ಹೋಗುತ್ತದೆ. ಧ್ವಜ ದಿನದಂದು ಡಬ್ಬಿಯಲ್ಲಿ ಹಾಕುತ್ತೀರಲ್ಲ, ಆ ನಿಧಿಯಿಂದಲೇ ಇದಕ್ಕೆ ದುಡ್ಡು ಬರುವುದು. ಶಾಸಕರ ಕಚೇರಿಯಲ್ಲಿ ಕಂಪ್ಯೂಟರ್ ಇದೆ, ಸ್ಕ್ಯಾನರ್ ಇದೆ, ಹುಡುಗರಿದ್ದಾರೆ. ಇಡೀ ದಿನದಲ್ಲಿ ಇಂಥ ಐದು ಅರ್ಜಿ ತಪ್ಪಿಲ್ಲದೆ ತುಂಬಿದರೂ ಸಾಕು, ನನ್ನ ಏಳು ಶಾಲು ವಾಪಸ್ ಕೊಟ್ಟುಬಿಡುತ್ತೇನೆ.

ಹೆಸರಿನ ಗೋಳು

ಆ ಅಜ್ಜಿಯ ಕವರಿನಲ್ಲಿ ಏನಿತ್ತು ಅಂತ ಆಮೇಲೆ ಕಟ್ಟೆ ಮೇಲೆ ಕೂತು ನೋಡಿದೆ. ಗಂಡನ ಪಿಪಿಓದಲ್ಲಿ ಹೆಂಡತಿಯ ಹೆಸರು "ಗೋರಮಾ". ಆಧಾರ್‌ನಲ್ಲಿ ಗೌರಮ್ಮ. ಬ್ಯಾಂಕ್ ಪುಸ್ತಕದಲ್ಲಿ ಊರಿನ ಇನಿಷಿಯಲ್ ಸೇರಿಸಿ ಗೌರಮ್ಮ. ಬೇರೆ ಯಾರನ್ನೂ ದೂರುವ ಹಾಗಿಲ್ಲ, ಬರೆದವರು ನಮ್ಮಂಥ ಕ್ಲರ್ಕುಗಳೇ. ಉತ್ತರದ ಕಡೆಯ ಹುಡುಗನಿಗೆ ನಮ್ಮ ಒತ್ತಕ್ಷರ, ಔಕಾರ ಕೇಳಿಸುವುದೇ ಇಲ್ಲ, ಗೌಡ ಅಂದರೆ ಗೋಡಾ ಅಂತ ಬರೆಯುತ್ತಾನೆ, ಜವಾನನೂ ಸಹಿ ಹಾಕಿ ಬರುತ್ತಾನೆ, ನಲವತ್ತು ವರ್ಷ ಆದ ಮೇಲೆ ಹೆಂಡತಿ ಅನುಭವಿಸುತ್ತಾಳೆ.

ಹುಟ್ಟಿದ ದಿನವೂ ಹಾಗೇ. ಆಧಾರ್ ನೋಡಿದರೆ ನಮ್ಮ ಊರಿನ ಅರ್ಧ ಅಜ್ಜಿಯರು ಜನವರಿ 1ಕ್ಕೇ ಹುಟ್ಟಿದವರು. ಪಿಪಿಓದಲ್ಲಿ ಆ ಜಾಗವೇ ಖಾಲಿ. ಇದರಿಂದ ಏನಾಗುತ್ತದೆ ಅಂದರೆ, 80 ತುಂಬಿದವರಿಗೆ ಕುಟುಂಬ ಪಿಂಚಣಿ ಶೇ 20ರಷ್ಟು ಜಾಸ್ತಿ ಆಗಬೇಕು, 85ಕ್ಕೆ ಶೇ 30, 90ಕ್ಕೆ ಶೇ 40. ದಾಖಲೆಯಲ್ಲಿ ಹುಟ್ಟಿದ ದಿನ ಇಲ್ಲದೆ ಇದ್ದರೆ ಆ ಅಜ್ಜಿಗೆ ಎಂಬತ್ತು ಆಗುವುದೇ ಇಲ್ಲ.

ಆದ್ದರಿಂದ ಒಂದು ಮೇಜು ಇದಕ್ಕೇ ಇರಲಿ. ಡಿಸ್ಚಾರ್ಜ್ ಬುಕ್, ಪಿಪಿಓ, ಆಧಾರ್, ಪಾನ್, ಬ್ಯಾಂಕ್ ಪುಸ್ತಕ, ಐದನ್ನೂ ಪಕ್ಕಪಕ್ಕ ಇಟ್ಟು ಹೆಸರು ಮತ್ತು ದಿನಾಂಕ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಎಲ್ಲಿ ಬೇರೆ ಇದೆಯೋ ಅದಕ್ಕೆ ಗುಂಡು ಸುತ್ತಿ. ಆಮೇಲೆ ಯಾವುದನ್ನು ತಿದ್ದಿಸಬೇಕು ಅಂತ ಸೈನಿಕ ಕಲ್ಯಾಣ ಕಚೇರಿಯವರ ಹತ್ತಿರ ಕೇಳಿ, ಆತುರದಲ್ಲಿ ಆಧಾರ್ ತಿದ್ದಿಸಿ ಬಂದರೆ ಪಹಣಿ, ರೇಷನ್ ಕಾರ್ಡ್ ಎಲ್ಲಾ ಎಡವಟ್ಟಾಗುತ್ತದೆ. ಅಫಿಡವಿಟ್ ಬೇಕಾದರೆ ಒಬ್ಬ ನೋಟರಿ ವಕೀಲರನ್ನು ಅಲ್ಲೇ ಕೂರಿಸಿಕೊಳ್ಳಿ. ಗಂಡ ಇನ್ನೂ ಬದುಕಿರುವ ಮನೆಗಳಲ್ಲಿ ಈ ಕೆಲಸ ಮೊದಲು ಮಾಡಿಸಿ. ಆತ ಸಹಿ ಹಾಕಿದರೆ ಮುಗಿಯುವ ತಿದ್ದುಪಡಿಗೆ ಆತ ಹೋದ ಮೇಲೆ ಆಕೆ ಕಚೇರಿ ಕಚೇರಿ ತಿರುಗಬೇಕು.

ಶಾಸಕರ ಪತ್ರ ಬರೆಯುವ ರೀತಿ

ಹೆಚ್ಚಿನ ಲೆಟರ್‌ಹೆಡ್ ಪತ್ರಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ: "ಅರ್ಜಿದಾರರ ಕೋರಿಕೆಯನ್ನು ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲು ಕೋರಿದೆ." ಈ ವಾಕ್ಯ ಓದಿದ ಕೂಡಲೇ ಟಪಾಲು ಶಾಖೆಯವರಿಗೆ ಗೊತ್ತಾಗುತ್ತದೆ, ಇದಕ್ಕೆ ಏನೂ ಮಾಡಬೇಕಾಗಿಲ್ಲ ಅಂತ. ಅದರ ಬದಲು ಹೀಗೆ ಬರೆಸಿ:

"ಈ ಮಾಜಿ ಸೈನಿಕರು ಜಮೀನು ಕೋರಿ ಸಲ್ಲಿಸಿದ ಅರ್ಜಿಗೆ ನಿಮ್ಮ ಕಚೇರಿ ಇಂಥ ದಿನಾಂಕದಂದು ಇಂಥ ಸಂಖ್ಯೆಯ ಸ್ವೀಕೃತಿ ನೀಡಿದೆ. ಕಡತ ಈಗ ಯಾರ ಬಳಿ ಇದೆ, ಜಾಗ ಗುರುತಿಸಲು ಏನು ತೊಡಕಿದೆ ಎಂಬುದನ್ನು 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿ. ಪ್ರತಿ ಅರ್ಜಿದಾರರಿಗೆ."

ಒಂದು ಪತ್ರಕ್ಕೆ ಒಂದೇ ವಿಷಯ. ಪಿಂಚಣಿ, ಜಮೀನು, ಮಗನ ಸೀಟು ಮೂರನ್ನೂ ಸೇರಿಸಿದರೆ ಮೂರು ಕಚೇರಿಯವರೂ ಇದು ನಮ್ಮದಲ್ಲ ಅನ್ನುತ್ತಾರೆ. ಸರ್ವಿಸ್ ನಂಬರ್, ಶ್ರೇಣಿ, ಘಟಕ, ಪಿಪಿಓ ಸಂಖ್ಯೆ ಬಿಡಬೇಡಿ. ತಹಶೀಲ್ದಾರ್‌ಗೆ ಕನ್ನಡದಲ್ಲಿ, ದಾಖಲೆ ಕಚೇರಿಗೆ ಇಂಗ್ಲಿಷಿನಲ್ಲಿ. ಕನ್ನಡ ಪತ್ರ ಸಿಕಂದರಾಬಾದಿಗೆ ಹೋದರೆ ಓದುವವರು ಸಿಗಬೇಕಲ್ವಾ.

ಆ ದಿನ

ವೇದಿಕೆ ಬೇಡ. ನೆಲಮಹಡಿಯ ಕೋಣೆ, ಫ್ಯಾನು, ಹತ್ತಿರದಲ್ಲೇ ಶೌಚಾಲಯ. ಮೆಟ್ಟಿಲು ಇರುವ ಸಭಾಂಗಣ ಹಿಡಿದದ್ದೇ ನಮ್ಮ ಮೊದಲ ಸಲದ ದೊಡ್ಡ ತಪ್ಪು, ಮಂಡಿ ನೋವಿನವರೆಲ್ಲ ಕೆಳಗೇ ಉಳಿದರು. ಬಂದವರಿಗೆ ಚೀಟಿ ಕೊಡಿ, ದೂರದ ಊರಿನವರಿಗೆ ಮೊದಲ ನಂಬರ್. ಸೈನ್ಯದಲ್ಲಿದ್ದವರಿಗೆ ಸಾಲು ಹೊಸದಲ್ಲ, ಆದರೆ ಸಾಲು ತಪ್ಪಿಸಿ ಪಕ್ಷದ ಕಾರ್ಯಕರ್ತನನ್ನು ಒಳಗೆ ಬಿಟ್ಟರೆ ಅಲ್ಲೇ ಗಲಾಟೆ ಶುರು. ಸುಬೇದಾರ್ ಸಾಹೇಬರ ಪಕ್ಕದಲ್ಲೇ ಸಿಪಾಯಿ ಕೂರಲಿ, ಶ್ರೇಣಿ ನೋಡಿ ಮುಂದಿನ ಸಾಲು ಮಾಡಬೇಡಿ.

ಶಾಸಕರು ಹತ್ತರಿಂದ ಹನ್ನೆರಡು ಗಂಟೆವರೆಗೆ ಕೂರಲಿ. ಐದು ನಿಮಿಷ ಮಾತಾಡಲಿ, ಆಮೇಲೆ ಮೇಜಿನಿಂದ ಮೇಜಿಗೆ ಹೋಗಲಿ. ಶಾಸಕರು ಹಿಂದೆ ನಿಂತು ಕೇಳುತ್ತಿದ್ದರೆ ಕೇಸ್ ವರ್ಕರ್ ಕಡತ ಎಷ್ಟು ಬೇಗ ತೆಗೆಯುತ್ತಾರೆ ಅನ್ನುವುದನ್ನು ಕಣ್ಣಾರೆ ನೋಡಬೇಕು. ಸಹಾಯ ಪಡೆದ ವಿಧವೆಯ ಫೋಟೋ ಅವರನ್ನು ಕೇಳದೆ ಫೇಸ್‌ಬುಕ್ಕಿಗೆ ಹಾಕಬೇಡಿ. ಬೇಕಾದರೆ ಖಾಲಿ ಕುರ್ಚಿಗಳ ಫೋಟೋ ಹಾಕಿ, ಎಲ್ಲರೂ ಕೆಲಸ ಮುಗಿಸಿ ಹೋದ ಮೇಲಿನದು.

ಆಮೇಲಿನ ಆರು ತಿಂಗಳು

ಉದ್ದ ರಟ್ಟಿನ ಪುಸ್ತಕ ಒಂದು ಇಡಿ. ಕಂಪ್ಯೂಟರಿನಲ್ಲೂ ಇರಲಿ, ಆದರೆ ಪುಸ್ತಕ ಮೇಜಿನ ಮೇಲೆ ಕಾಣುವ ಹಾಗಿರಬೇಕು. ಕ್ರಮಸಂಖ್ಯೆ, ಹೆಸರು, ಊರು, ಯಾವ ಕಚೇರಿ, ಪತ್ರ ಹೋದ ದಿನ, ಉತ್ತರ ಬಂದ ದಿನ. ಉತ್ತರ ಬಾರದವುಗಳ ಪಟ್ಟಿಯನ್ನು ಶಾಸಕರು ತಾಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆಯ) ಸಭೆಗೆ ಒಯ್ಯಲಿ, ಅಲ್ಲಿ ಎಲ್ಲ ಇಲಾಖೆಯವರೂ ಎದುರಿಗೇ ಕೂತಿರುತ್ತಾರೆ. ಒಂದೇ ಥರದ ಸಮಸ್ಯೆ ಇಪ್ಪತ್ತು ಮೂವತ್ತು ಜನಕ್ಕಿದ್ದರೆ, ಉದಾಹರಣೆಗೆ ಜಮೀನಿನದು, ಅದನ್ನು ವಿಧಾನಸಭೆಯಲ್ಲಿ ಪ್ರಶ್ನೆಯಾಗಿ ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಲ್ಲೇ ಉತ್ತರ ಹೇಳಬೇಕು, ಗುರುತಿಲ್ಲದ್ದಾದರೆ ಲಿಖಿತ ಉತ್ತರ. "ನಮ್ಮ ತಾಲೂಕಿನಲ್ಲಿ ಐದು ವರ್ಷದಲ್ಲಿ ಎಷ್ಟು ಮಾಜಿ ಸೈನಿಕರು ಜಮೀನು ಕೇಳಿದ್ದಾರೆ, ಎಷ್ಟು ಜನಕ್ಕೆ ಕೊಟ್ಟಿದ್ದೀರಿ" ಅಂತ ಅಂಕಿ ಕೇಳುವ ಪ್ರಶ್ನೆ ಬರೆಸಿ. ವೀರಯೋಧರ ಬಗ್ಗೆ ಸರ್ಕಾರದ ನಿಲುವೇನು ಅಂತ ಕೇಳಿದರೆ ಬರೀ ಹೊಗಳಿಕೆ ಬರುತ್ತದೆ.

ಕೊನೆಗೆ ಸಾಮಾನುಗಳ ಪಟ್ಟಿ, ನಾವು ಪ್ರತಿ ಸಲ ಏನಾದರೂ ಮರೆಯುತ್ತೇವೆ. ಜೆರಾಕ್ಸ್ ಯಂತ್ರ, ಯುಪಿಎಸ್, ಇಂಕ್ ಪ್ಯಾಡ್, ಹೆಬ್ಬೆಟ್ಟು ಒರೆಸಲು ಹಳೇ ಬಟ್ಟೆ, ಗಮ್, ಸ್ಟೇಪ್ಲರ್, ಕುಡಿಯುವ ನೀರು, ಸಕ್ಕರೆ ಹಾಕದ ಕಾಫಿ ಒಂದು ಫ್ಲಾಸ್ಕ್. ಮತ್ತೆ ಓದುವ ಕನ್ನಡಕ ನಾಲ್ಕೈದು, ಬೇರೆ ಬೇರೆ ನಂಬರಿನದು, ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಳೆದ ಸಲ ಆ ಅಜ್ಜಿ ಮತ್ತೆ ಬಂದಿದ್ದರು. ಕನ್ನಡಕ ಹಾಕಿಕೊಂಡು ತಿದ್ದುಪಡಿ ಅರ್ಜಿಯಲ್ಲಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದರು, "ಒತ್ತು ಸರಿ ಐತೆ" ಅಂದರು, ಹೆಬ್ಬೆಟ್ಟು ಬೇಡ ಪೆನ್ನು ಕೊಡು ಅಂತ ಕೇಳಿ ಸಹಿ ಹಾಕಿದರು. ಕನ್ನಡಕ ವಾಪಸ್ ಕೊಡಲಿಲ್ಲ, ನಾವೂ ಕೇಳಲಿಲ್ಲ.